ಬೆಳೆಯುತ್ತಲೇ ಹೋದ ಅಂಬುಜಮ್ಮನ ಮನೆ

ಒಬ್ಬ ಹೆಂಗಸಿನ ಬೆನ್ನಿನೊಳಗೆ, ಪಕ್ಕೆಲುಬಿನ ಕೆಳಗೆ, ಒಂದು ವಠಾರವಿತ್ತು. ಹೊರಗಿನವರು ಅದನ್ನು ಮೂತ್ರಪಿಂಡ ಎನ್ನುತ್ತಿದ್ದರು. ನಡುವೆ ಸಣ್ಣದೊಂದು ಹೊಳೆ, ಅದರ ದಂಡೆಯುದ್ದಕ್ಕೂ ಗೋಡೆಗೆ ಗೋಡೆ ಅಂಟಿಕೊಂಡ ಪುಟ್ಟ ಪುಟ್ಟ ಮನೆಗಳು. ಒಂದೊಂದು ಮನೆ ಒಂದೊಂದು ಜೀವಕೋಶ. ಹೊಳೆಯಲ್ಲಿ ಬಂದ ಒಳ್ಳೆಯದನ್ನು ಎತ್ತಿಟ್ಟುಕೊಂಡು, ಬೇಡದ್ದನ್ನು ಮುಂದಕ್ಕೆ ಸಾಗಹಾಕುವುದು ಅವರ ಕಸುಬು.

ವಠಾರದಲ್ಲಿ ಎರಡು ಪದ್ಧತಿ ಇದ್ದವು. ಪ್ರತಿ ಮನೆಯ ಹಿತ್ತಿಲಿನಿಂದ ಒಂದು ಎಳೆ ಹೊಳೆಗೆ ಇಳಿಬಿದ್ದಿರುತ್ತಿತ್ತು. ನೀರಿನ ಸೆಳೆತಕ್ಕೆ ಎಳೆ ಬಾಗಿದರೆ ಒಳಗೆ ಸುದ್ದಿ ಮುಟ್ಟುತ್ತಿತ್ತು: "ಹೊಳೆ ಹರೀತಿದೆ. ಇದ್ದ ಹಾಗೇ ಇರು." ಇನ್ನೊಂದು, ಉಸಿರು ಕಟ್ಟಿ ಇನ್ನು ಬಾಳಲಾಗದು ಎಂದಾದವರಿಗೆ ಒಳಗಿನಿಂದಲೇ ಒಂದು ಕರೆ ಬರುತ್ತಿತ್ತು: "ಗಂಟು ಕಟ್ಟು." ಕರೆ ಬಂದವರು ರಂಪ ಮಾಡದೆ, ಪಾತ್ರೆಪಗಡೆ ಪಕ್ಕದವರಿಗೆ ಬಿಟ್ಟು, ದೀಪ ಆರಿಸಿ ಇಲ್ಲವಾಗುತ್ತಿದ್ದರು. ಸಾಯುವಾಗಲೂ ನೆರೆಯವರಿಗೆ ತೊಂದರೆ ಕೊಡದ ಮರ್ಯಾದಸ್ಥರು.

ರಂಗಮಣಿಯ ಮನೆಯ ಗೋಡೆ ಒಂದು ದಿನ ಒಳಕ್ಕೆ ಬಂತು. ಮೊದಲು ಗೂಡಿನ ಬಟ್ಟಲು ಉರುಳಿತು. ಆಮೇಲೆ ಹಂಡೆ ಇಡಲು ಜಾಗ ಸಾಲದಾಯಿತು. ಪಕ್ಕದ ಅಂಬುಜಮ್ಮ ಕೋಣೆಯ ಮೇಲೆ ಕೋಣೆ ಕಟ್ಟುತ್ತಿದ್ದಳು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಕಟ್ಟಿದ್ದಕ್ಕೆಲ್ಲ ನೀರು ತುಂಬಿಸುತ್ತಿದ್ದಳು. ಮನೆ ಹೋಗಿ ದೊಡ್ಡದೊಂದು ನೀರುಗುಳ್ಳೆಯಾಗಿತ್ತು.

ರಂಗಮಣಿ ಎದುರುಮನೆಯ ಶೇಷಮ್ಮನನ್ನು ಕೇಳಿದಳು.

"ಶ್... ಮೆಲ್ಲಗೆ ಮಾತಾಡೇ," ಎಂದಳು ಶೇಷಮ್ಮ. "ಅವಳ ಎಳೆ ಸತ್ತುಹೋಗಿದೆ. ಎಲ್ಲರಿಗೂ ಗೊತ್ತು. ಆದ್ರೆ ಅದು ವಂಶದ ಮಾತು. ಮುಖಕ್ಕೆ ಹೇಳೋದು ಚೆಂದವಾ?"

ವಂಶದ ಮಾತು ನಿಜವೇ. ಪ್ರತಿ ಮನೆಯ ಪೆಟ್ಟಿಗೆಯಲ್ಲೂ ಮನೆ ಕಟ್ಟುವ ನಕ್ಷೆಯ ಎರಡು ಪ್ರತಿ ಇರುತ್ತಿದ್ದವು, ಒಂದು ಅಪ್ಪನ ಕಡೆಯದು, ಒಂದು ಅಮ್ಮನ ಕಡೆಯದು. ಅಪ್ಪನ ಕಡೆಯದರಲ್ಲಿ ಎಳೆ ಹೊಸೆಯುವ ಪುಟವೇ ಹರಿದಿತ್ತು. ಅಮ್ಮನ ಕಡೆಯದನ್ನು ನೋಡಿಕೊಂಡು ಎಲ್ಲರೂ ನಿಭಾಯಿಸುತ್ತಿದ್ದರು. ಅಂಬುಜಮ್ಮನ ಮನೆಯಲ್ಲಿ ಅದಕ್ಕೂ ಗೆದ್ದಲು ಹಿಡಿದಿತ್ತು.

ಚೆಂದವಲ್ಲ ಅಂತ ರಂಗಮಣಿಯೂ ಸುಮ್ಮನಿದ್ದಳು. ಗೋಡೆ ಸುಮ್ಮನಿರಲಿಲ್ಲ. ಅರ್ಧ ಮನೆ ಗೋಡೆಯ ಪಾಲಾಗಿ ಉಸಿರು ಕಟ್ಟಿದಾಗ ಅವಳೊಳಗೆ ಕರೆ ಕೇಳಿಸಿತು: "ಗಂಟು ಕಟ್ಟು."

ಕಟ್ಟಿದಳು. ದೀಪದ ಕಡೆ ಕೈ ಚಾಚಿದಳು. ಆಗ ಅವಳಿಗೆ ಸಿಟ್ಟು ಬಂತು. ಎಂಥ ಹುಚ್ಚು ಇದು! ಒಂದು ಮಾತು ಆಡೋದಕ್ಕೆ ನಾಚಿಕೆ, ಸಾಯೋದಕ್ಕೆ ನಾಚಿಕೆ ಇಲ್ಲ!

ದೀಪ ಬಿಟ್ಟು ಗೋಡೆ ಗುದ್ದಿದಳು.

"ಅಂಬುಜಮ್ಮನವರೇ! ಯಾಕ್ರೀ ಹೀಗೆ ಕಟ್ಟಿಕೊಂಡು ಹೋಗ್ತಿದ್ದೀರಿ?"

"ಇನ್ನೇನು ಮಾಡಲಿ? ಹೊಳೆ ಬತ್ತಿದೆಯಲ್ಲ! ಎಷ್ಟು ದಿನವಾಯ್ತು, ಎಳೆ ಅಲ್ಲಾಡಿಲ್ಲ."

"ಹೊಳೆ ದಂಡಿಯಾಗಿ ಹರೀತಿದೆ. ಕೆಟ್ಟಿರೋದು ನಿಮ್ಮ ಎಳೆ."

ಗೋಡೆಯಾಚೆ ಕೊಡ ಕುಕ್ಕಿದ ಸದ್ದು. "ನಮ್ಮ ವಂಶವನ್ನ ಆಡಿಕೊಳ್ತೀಯೇನೇ?"

"ನಿಮ್ಮ ವಂಶ ಬೇರೆ, ನಮ್ಮ ವಂಶ ಬೇರೆ ಇದೆಯಾ? ಅದೇ ಹರಕು ಪುಟ ನನ್ನ ಪೆಟ್ಟಿಗೆಯಲ್ಲೂ ಇದೆ. ಇವತ್ತು ನಿಮ್ಮದು, ನಾಳೆ ನನ್ನದು. ಆದರೆ ನನಗೆ ನಾಳೆ ಇಲ್ಲ ಬಿಡಿ. ಕರೆ ಬಂದಿದೆ."

ಅಂಬುಜಮ್ಮ ಗೋಡೆಯ ಹತ್ತಿರ ಬಂದಳು.

"ಅಯ್ಯೋ," ಎಂದಳು ಅಂಬುಜಮ್ಮ, ದನಿ ಇಳಿದಿತ್ತು. "ಬರಗಾಲಕ್ಕೆ ನಿನಗೂ ನಾಲ್ಕು ಕೊಡ ಇರಲಿ ಅಂತಲೇ ತುಂಬಿಸ್ತಿದ್ದೆ ಕಣೇ."

"ತಗೊಳ್ಳೋಕೆ ನಾನಿರಬೇಕಲ್ಲ!"

ಅಂಬುಜಮ್ಮ ಕೊಡ ಬೋರಲು ಹಾಕಿದಳು. "ಸರಿ, ನಿಲ್ಲಿಸ್ತೀನಿ. ಆದರೆ ಹೊಳೆ ಹರೀತಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಭಯವಾಗತ್ತಪ್ಪ."

"ನನ್ನ ಎಳೆ ಇದೆಯಲ್ಲ. ನಾನು ಹೇಳ್ತೀನಿ."

ಅಂದಿನಿಂದ ಗೋಡೆ ಮುಂದಕ್ಕೆ ಬರಲಿಲ್ಲ. ಕಟ್ಟಿದ ಕೋಣೆಗಳೇನೂ ಕರಗಲಿಲ್ಲ, ಸತ್ತ ಎಳೆ ಚಿಗುರಲೂ ಇಲ್ಲ. ರಂಗಮಣಿಗೆ ಉಳಿದದ್ದು ಅರ್ಧ ಮನೆ. ಆದರೆ ಗೋಡೆ ಒತ್ತುವುದು ನಿಂತ ಮೇಲೆ ಒಳಗಿನ ಕರೆಯೂ ನಿಂತಿತ್ತು. ಬದುಕಲು ಅರ್ಧ ಮನೆ ಸಾಕು.

ಈಗ ಅಂಬುಜಮ್ಮ ದಿನಕ್ಕೆ ಹತ್ತು ಸಲ ಗೋಡೆ ಬಡಿಯುತ್ತಾಳೆ. "ಹರೀತಿದೆಯೇನೇ?" "ಹರೀತಿದೆ ರೀ, ಈಗ ತಾನೇ ಹೇಳಲಿಲ್ವಾ!" "ಇನ್ನೊಂದು ಸಲ ಹೇಳಿದರೆ ನಿನ್ನ ಗಂಟೇನು ಹೋಗತ್ತೆ?" ರಂಗಮಣಿ ಗೊಣಗಿಕೊಂಡೇ ಹೇಳುತ್ತಾಳೆ. ಅದನ್ನು ಕೇಳಿ ಶೇಷಮ್ಮನೂ ಬಾಗಿಲು ತೆರೆದು, ತನ್ನ ಆಚೆಮನೆಯವರ ಗೋಡೆ ತಟ್ಟಿ ವಿಚಾರಿಸಿಕೊಳ್ಳುವುದನ್ನು ಕಲಿತಿದ್ದಾಳೆ.

ನೀತಿ: ವಂಶದಿಂದ ಬಂದ ಊನ ಯಾರ ತಪ್ಪೂ ಅಲ್ಲ. ಮರ್ಯಾದೆಯ ಹೆಸರಿನಲ್ಲಿ ಅದನ್ನು ಮುಚ್ಚಿಡುವುದೇ ತಪ್ಪು. ಸುದ್ದಿ ಮುಟ್ಟದವರಿಗೆ ಸುದ್ದಿ ಮುಟ್ಟಿಸಿ. ನಿಮ್ಮ ಜೀವ ಉಳಿಯುವುದೂ ಅದರಿಂದಲೇ.