ಅಕ್ಕ ಕೊಟ್ಟ ಹೆಪ್ಪು

ಗುಡ್ಡದ ಈ ಕಡೆ ಆಶ್ರಮ. ಆ ಕಡೆ ಅಕ್ಕನ ಊರು. ನಡುವೆ ಒಂಬೈನೂರು ಮೆಟ್ಟಿಲು, ಮತ್ತೆ ಕಲ್ಮೇಶನ ಹೊಟ್ಟೆ.

ಆ ಹೊಟ್ಟೆ ಬೆಳೆಸಿದವಳು ಅಕ್ಕನೇ. ತಾಯಿ ಇಲ್ಲದ ತಮ್ಮ ಅಂತ ರೊಟ್ಟಿ ಮೇಲೆ ರೊಟ್ಟಿ ಬಡಿದು ಹಾಕಿದಳು. ಇಪ್ಪತ್ತೆರಡು ತುಂಬುವಷ್ಟರಲ್ಲಿ ಕಲ್ಮೇಶ ಹೊಸ್ತಿಲು ದಾಟಿದರೂ ಏದುಸಿರು ಬಿಡತೊಡಗಿದ.

"ಹಿಂಗ ಇದ್ರ ಇವನ ಎದಿ ಬಾಳ ದಿನ ತಡಿಯೂದಿಲ್ಲ ತಂಗಿ" ಅಂದರು ವೈದ್ಯರು.

ಅಕ್ಕ ನೀಲವ್ವ ಮರುದಿನವೇ ಅವನನ್ನು ಗಾಡಿ ಹತ್ತಿಸಿದಳು. ಗುಡ್ಡ ಸುತ್ತಿ ಆಶ್ರಮ ಸೇರಲು ಎರಡು ದಿನದ ದಾರಿ. ಹೊರಡುವಾಗ ಮನೆಯಲ್ಲಿದ್ದ ಮೊಸರನ್ನೆಲ್ಲ ಒಂದು ಗಡಿಗೆಗೆ ಸುರಿದುಕೊಟ್ಟಳು.

"ದಿನಾ ಒಂದು ಚಮಚ ಹೆಪ್ಪಿಗೆ ಉಳಿಸು. ಹಾಲಿಗೆ ಹಾಕು. ಎಲ್ಲೇ ಇದ್ರೂ ನನ್ನ ಕೈ ಮೊಸರು ಉಂಡಂಗ ಆಗತೈತಿ."

"ಎಲ್ಲಾ ನನಗ ಕೊಟ್ರ ನಿನಗ?"

"ಬಾಜೂ ಮನಿಯಾಗ ಇಸಕೋತೀನಿ ಬಿಡು. ಮತ್ತ ಕೇಳು. ದಿನಾ ದೀಪ ಹಚ್ಚೂ ಹೊತ್ತಿಗೆ ನಿನ್ನ ಹೆಸರಲೇ ಮಾಳಿಗಿ ಮ್ಯಾಲೆ ಒಂದು ದೀಪ ಇಡತೀನಿ. ಗುಡ್ಡದ ತುದಿಗೆ ನಿಂತ್ರ ಕಾಣತೈತಿ. ಬರೂದಾದ್ರ ಗುಡ್ಡ ಹತ್ತಿ ಬಾ. ಗಾಡ್ಯಾಗ ಕುಂತು ಬಂದ್ರ ಕದಾ ತಗಿಯೂದಿಲ್ಲ."

ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಒಣಗಿದ ನುಗ್ಗೆಕಾಯಿಯಂಥ ಮುದುಕ.

"ಅಜ್ಜಾರ, ನಾ ಈ ಗುಡ್ಡ ಹತ್ತಬೇಕ್ರಿ. ಅಕ್ಕನ ದೀಪ ನೋಡಬೇಕ್ರಿ."

"ನೋಡು."

"ಹೆಂಗ್ರಿ?"

"ಹತ್ತಿ."

ಕಲ್ಮೇಶ ಆವತ್ತೇ ಸೊಂಟಕ್ಕೆ ಟವೆಲ್ಲು ಬಿಗಿದು ನುಗ್ಗಿದ. ಇನ್ನೂರನೇ ಮೆಟ್ಟಿಲಲ್ಲಿ ಗುಡ್ಡವೇ ಗರ ಗರ ತಿರುಗಿತು. ನಾಲ್ಕು ಜನ ಶಿಷ್ಯರು ಅವನನ್ನು ಹೊತ್ತು ಇಳಿಸಿದರು. ಆಮೇಲೆ ಆ ನಾಲ್ಕೂ ಜನಕ್ಕೆ ಸೊಂಟಕ್ಕೆ ಎಣ್ಣೆ ತಿಕ್ಕಬೇಕಾಯಿತು.

ಒಂಬತ್ತು ದಿನ ಕಲ್ಮೇಶ ಚಾಪೆ ಹಿಡಿದ. ಆದರೆ ಸಂಜೆ ಎದ್ದು ಕೂತು ಹೆಪ್ಪು ಹಾಕೋದು ಮಾತ್ರ ಬಿಡಲಿಲ್ಲ. ಹಾಲು ಆಶ್ರಮದ ಹಸುವಿನದು, ಹೆಪ್ಪು ಅಕ್ಕನದು. ಬೆಳಿಗ್ಗೆ ಒಂದು ತುತ್ತು ಬಾಯಿಗಿಟ್ಟರೆ ಸಾಕು, ಅಕ್ಕ ಪಕ್ಕದಲ್ಲೇ ಕೂತು ಬೈದಂತಾಗುತ್ತಿತ್ತು.

ಒಂದೇ ಕಿರಿಕಿರಿ. ದಿನಾ ಅಜ್ಜಾರು ಬಟ್ಟಲು ಹಿಡಿದು ಬಂದುಬಿಡುತ್ತಿದ್ದರು.

"ನನಗೊಂದು ಚಮಚ ಹಾಕೋ."

'ಸನ್ಯಾಸಿ ಆದ್ರೂ ನಾಲಿಗಿ ಸುಮ್ನಿರೂದಿಲ್ಲ ನೋಡು' ಅಂತ ಒಳಗೊಳಗೇ ಗೊಣಗುತ್ತ ಹಾಕುತ್ತಿದ್ದ.

ಚಾಪೆ ಬಿಟ್ಟು ಎದ್ದ ದಿನ ಇನ್ನೊಂದು ಪ್ರತಿಜ್ಞೆ. ಈ ಸಲ ಎಲ್ಲರನ್ನೂ ಕೂಡಿಸಿ, ಕೈ ಎತ್ತಿ.

"ಹೊಟ್ಟಿ ಕರಗೂತನಾ ಒಂದು ಅಗಳು ಮುಟ್ಟೂದಿಲ್ಲ!"

"ಮೊಸರು?" ಅಂದರು ಅಜ್ಜಾರು.

"ಅದೂ ಇಲ್ರಿ. ಬರೇ ಹೆಪ್ಪು ಹಾಕತೀನಿ."

ಒಂದು ದಿನ ಆಯಿತು. ಎರಡು ದಿನ ಆಯಿತು. ಮೂರನೇ ದಿನ ಮಧ್ಯಾಹ್ನ ಎಲ್ಲರೂ ಹೊಳೆಗೆ ಹೋದಾಗ ಅವನ ಕೈ ತಾನಾಗಿ ಗಡಿಗೆಯೊಳಗೆ ಇಳಿಯಿತು. ಒಂದೇ ತುತ್ತು ಅಂದುಕೊಂಡಿದ್ದ. ಎಚ್ಚರ ಬಂದಾಗ ಬೆರಳು ಗಡಿಗೆಯ ತಳ ಕೆರೆಯುತ್ತಿತ್ತು.

ತಳದಲ್ಲಿ ಏನೂ ಇರಲಿಲ್ಲ.

ಸಂಜೆ ಹಾಲು ಕಾಯಿತು, ಆರಿತು. ಕಲ್ಮೇಶ ಖಾಲಿ ಗಡಿಗೆಯನ್ನು ತೊಡೆ ಮೇಲಿಟ್ಟುಕೊಂಡು, ಅಷ್ಟು ದೊಡ್ಡ ಆಳು, ಬಿಕ್ಕಿ ಬಿಕ್ಕಿ ಅತ್ತ.

"ಅಕ್ಕ ಹೋದ್ಳ್ರಿ ಅಜ್ಜಾರ."

"ಎಲ್ಲಿಗೆ?"

"ನನ್ನ ಹೊಟ್ಟಿಗೆ."

ಅಜ್ಜಾರು ನಗಲಿಲ್ಲ. ಒಳಗೆ ಹೋಗಿ ತಮ್ಮ ಬಟ್ಟಲು ತಂದರು. ಅದರ ತುಂಬ ಗಟ್ಟಿ ಮೊಸರು.

"ರುಚಿ ನೋಡು."

ನೋಡಿದ. ಅಕ್ಕ ಪಕ್ಕದಲ್ಲಿ ಕೂತು ಬೈದಳು.

"ಇದು... ಇದು ಹೆಂಗ್ರಿ?"

"ದಿನಾ ನೀ ಹಾಕಿದ ಚಮಚ. ನಾ ತಿಂದಿಲ್ಲಲೇ, ಹೆಪ್ಪು ಹಾಕೀನಿ. ನಿನ್ನ ಮ್ಯಾಲೆ ನಂಬಿಕಿ ಇತ್ತು. ನಿನ್ನ ಹೊಟ್ಟಿ ಮ್ಯಾಲೆ ಇರಲಿಲ್ಲ."

ಅಜ್ಜಾರು ಅದರಿಂದ ಒಂದು ಚಮಚ ತೆಗೆದು ಹಾಲಿನ ಗಡಿಗೆಗೆ ಬಿಟ್ಟರು.

"ಆವತ್ತು ಇನ್ನೂರು ಮೆಟ್ಟಿಲು ಏರಿದಿ. ಮರುದಿನಕ್ಕ ಎಷ್ಟು ಉಳಿಸಿದ್ದಿ?"

ಕಲ್ಮೇಶ ಖಾಲಿ ಗಡಿಗೆಯನ್ನು ತೊಡೆಯಿಂದ ಇಳಿಸಿದ.

"ನಾಳೆ ಎಷ್ಟು ಏರಲ್ರಿ?"

"ಇಪ್ಪತ್ತು."

"ಇಪ್ಪತ್ತ! ಅಷ್ಟ ನಮ್ಮೂರ ಗಬ್ಬದ ಎಮ್ಮಿನೂ ಏರತೈತ್ರಿ."

"ಹಂಗಾದ್ರ ನಿನಗೂ ಆಗತೈತಿ. ಇನ್ನೂ ಮ್ಯಾಲೆ ಹೋಗಬೇಕು ಅನಸತೈತಲ್ಲ, ಆವಾಗ ಇಳಿ."

"ಹೋಗಬೇಕು ಅನಸಿದ ಮ್ಯಾಲೆ ಯಾಕ ಇಳೀಬೇಕ್ರಿ?"

ಅಜ್ಜಾರು ಗಡಿಗೆಯ ಬಾಯಿ ಮುಚ್ಚಿ ಎದ್ದು ಹೋದರು.

ಅಂದಿನಿಂದ ಸಂಜೆ ಹಾಲು ಒಲೆ ಮೇಲೆ ಇಡೋದು, ಅದು ಕಾದು ಆರುವುದರೊಳಗೆ ಮೆಟ್ಟಿಲು ಏರಿ ಇಳಿಯೋದು, ಬಂದು ಹೆಪ್ಪು ಹಾಕೋದು. ಹದಿನೈದು ದಿನಕ್ಕೆ ಕಲ್ಮೇಶನಿಗೆ ಬೇಜಾರು ಬಂತು. ಒಂದು ಸಂಜೆ ತಿರುವಿನ ಬಂಡೆ ಹಿಂದೆ ಆರಾಮಾಗಿ ಕೂತು, ಮುಖಕ್ಕೆ ನೀರು ಚಿಮುಕಿಸಿಕೊಂಡು, ಏದುಸಿರು ಬಿಡುತ್ತ ಬಂದ.

"ಐವತ್ತ್ರಿ ಅಜ್ಜಾರ! ಇವತ್ತ ಐವತ್ತು!"

"ಶಾಬಾಶ್."

ಮರುದಿನ ಊಟಕ್ಕೆ ಕೂತಾಗ ಅಜ್ಜಾರು ತಾವೇ ಅನ್ನದ ಮೇಲೆ ಬೆಳ್ಳಗೆ ಸುರಿದರು. ಕಲ್ಮೇಶ ಒಂದು ತುತ್ತು ಇಟ್ಟು ಉಗುಳಿದ.

"ಥೂ! ಇದು ಅಕ್ಕಿ ತೊಳೆದ ನೀರ್ರಿ!"

"ಮೊಸರು ಅಂತ ತಿಳಕೊಂಡು ಉಣ್ಣು. ನಾ ಐವತ್ತು ಅಂತ ತಿಳಕೊಂಡಿಲ್ಲೇನು?"

ಆ ಬಂಡೆಯ ಹಿಂದೆ ಕಲ್ಮೇಶ ಮತ್ತೆ ಕೂರಲಿಲ್ಲ.

ಇಪ್ಪತ್ತು ನಲವತ್ತಾಯಿತು. ನಲವತ್ತು ನೂರಾಯಿತು. ಮಳೆಗಾಲದಲ್ಲಿ ಜ್ವರ ಬಂದು ಆರು ದಿನ ಏರೋದು ತಪ್ಪಿತು. ಏಳನೇ ದಿನ ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ.

"ಎಲ್ಲಾ ಹಾಳಾತ್ರಿ. ನನ್ನ ಕೈಲೆ ಆಗೂದಿಲ್ಲ."

"ಬ್ಯಾಸಗ್ಯಾಗ ಮೊಸರು ಹುಳಿ ಆಗಿತ್ತಲ್ಲ?" ಕೇಳಿದರು ಅಜ್ಜಾರು.

"ಆಗಿತ್ರಿ. ಮಾರಿ ಕಿವುಚೂವಷ್ಟು."

"ಚೆಲ್ಲಿದೇನು?"

"ಹುಚ್ಚೇನ್ರಿ? ಅದರಾಗಿಂದ ಒಂದು ಚಮಚ ಹಾಲಿಗೆ ಹಾಕಿದೆ."

"ಮರುದಿನ?"

"ಸೀ ಇತ್ತು."

ಅಜ್ಜಾರು ಗುಡ್ಡದ ಕಡೆ ಗದ್ದ ಎತ್ತಿ ತೋರಿಸಿದರು. ಕಲ್ಮೇಶ ಎದ್ದ.

ಆರುನೂರು ಮೆಟ್ಟಿಲು ದಾಟಿದ ಮೇಲೆ ನಿಜವಾದ ಕಷ್ಟ ಸುರುವಾಯಿತು. ಕಾಲಿಗಲ್ಲ, ಎದೆಗೆ. ಗುಡ್ಡದ ನೆತ್ತಿ ದಾಟಿ ಬರುವ ಗಾಳಿಯಲ್ಲಿ ಆ ಕಡೆಯ ಜೋಳದ ಹೊಲದ ವಾಸನೆ ಇರುತ್ತಿತ್ತು. ಇಳಿಯುವಾಗ ಕಾಲು ಕೆಳಗೆ ಹೋಗುತ್ತಿತ್ತು, ಕತ್ತು ಮೇಲಕ್ಕೇ ತಿರುಗಿರುತ್ತಿತ್ತು.

"ಅಜ್ಜಾರ, ಅಕ್ಕ ಇನ್ನೂ ದೀಪ ಇಡತಾಳೋ ಇಲ್ಲೋ? ನಾ ಒಂದು ದಿನಾನೂ ನೋಡಿಲ್ಲ. ನೋಡದಾವನ ಸಲುವಾಗಿ ಎಷ್ಟು ದಿನಾಂತ ಇಡತಾಳ್ರಿ?"

"ನೀ ದಿನಾ ಹೆಪ್ಪು ಹಾಕಿದ್ದು ಅಕಿ ನೋಡ್ಯಾಳೇನು?"

ಕಲ್ಮೇಶ ಎದ್ದು ಹಾಲು ಒಲೆ ಮೇಲಿಟ್ಟ.

ಆಶ್ರಮಕ್ಕೆ ಬಂದು ವರ್ಷಕ್ಕೆ ಇನ್ನೊಂದು ತಿಂಗಳಿತ್ತು. ಆ ಸಂಜೆ ಅಜ್ಜಾರು ಅವನ ಕೈಗೆ ಒಂದು ಕಂದೀಲು ಕೊಟ್ಟರು. ತಮ್ಮ ಶಾಲಿನ ಒಳಗೆ ಏನೋ ಹಿಡಿದುಕೊಂಡಿದ್ದರು.

"ನಡಿ. ಇವತ್ತ ನಾನೂ ಬರತೀನಿ."

"ನಿಮಗ ಆಗತೈತೇನ್ರಿ?"

"ನಾನೂ ಇಪ್ಪತ್ತರಿಂದಲೇ ಸುರು ಮಾಡಿದಾವಲೇ."

ಮುದುಕ ಮುಂದೆ, ಕಲ್ಮೇಶ ಹಿಂದೆ. ಎಂಟುನೂರು. ಎಂಟುನೂರ ಐವತ್ತು. ಅಜ್ಜಾರು ಇಳಿ ಅನ್ನಲಿಲ್ಲ.

ಒಂಬೈನೂರು.

ಗಾಳಿ ಮುಖಕ್ಕೆ ಬಡಿಯಿತು. ಕೆಳಗೆ ಊರು, ಅಂಗೈಯಷ್ಟು. ಕಪ್ಪಾಗುತ್ತಿದ್ದ ನೆಲದಲ್ಲಿ ಒಂದೊಂದೇ ದೀಪ ಹೊತ್ತಿಕೊಳ್ಳುತ್ತಿತ್ತು. ಇಪ್ಪತ್ತು. ಮೂವತ್ತು. ಎಲ್ಲವೂ ಒಂದೇ ಥರ.

"ಇದರಾಗ ನಮ್ಮ ಅಕ್ಕಂದು ಯಾವುದ್ರಿ?" ಅಂದ ಕಲ್ಮೇಶ. "ಇಷ್ಟು ದಿನ ಹತ್ತಿ ಬಂದು, ಯಾವುದಂತ ತಿಳೀವಲ್ಲದು!"

"ಅಕಿಗೂ ತಿಳಿದಿಲ್ಲ. ದಿನಾ ಇಷ್ಟು ದೊಡ್ಡ ಗುಡ್ಡ ನೋಡತಾಳ. ಇದರಾಗ ನನ್ನ ತಮ್ಮ ಎಲ್ಲಿ ಅಂತ. ಕಂದೀಲು ಹಚ್ಚು."

ಗಾಳಿಗೆ ಎರಡು ಕಡ್ಡಿ ಆರಿಹೋದವು. ಮೂರನೆಯದಕ್ಕೆ ಹೊತ್ತಿತು. ತಲೆಯ ಮೇಲೆ ಎತ್ತಿ ಹಿಡಿದ.

ಕೆಳಗೆ ಏನೂ ಆಗಲಿಲ್ಲ. ಹಿಡಿದೇ ಇದ್ದ. ತೋಳು ಸೋತಿತು. ಆದರೂ ಹಿಡಿದೇ ಇದ್ದ.

ಊರಂಚಿನ ಒಂದು ದೀಪ ಮೆಲ್ಲಗೆ ಮೇಲೆದ್ದಿತು. ಎಡಕ್ಕೆ ಹೋಯಿತು. ಬಲಕ್ಕೆ ಬಂತು. ಆಮೇಲೆ ಹುಚ್ಚು ಹಿಡಿದಂತೆ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ.

"ಅಕ್ಕಾ!"

ಆ ಕೂಗು ಪಕ್ಕದ ಪೊದೆ ದಾಟಿದ್ದರೆ ಹೆಚ್ಚು. ಕಲ್ಮೇಶನ ಒಂದು ಕಾಲು ಆಗಲೇ ಆ ಕಡೆಯ ಇಳಿಜಾರಿನಲ್ಲಿತ್ತು.

"ನಿಲ್ಲಲೇ."

ಅಜ್ಜಾರು ಶಾಲಿನೊಳಗಿಂದ ಬಟ್ಟಲು ತೆಗೆದರು. ತಳದಲ್ಲಿ ಒಂದಿಷ್ಟು ಮೊಸರು.

"ಇದ್ದದ್ದೆಲ್ಲಾ ನಿನಗ ಸುರುವಿ ಕೊಟ್ಟಾಕಿ ಅಕಿ. ವರ್ಷ ಆಗಾಕ ಬಂತು, ಅಕಿ ಬಾಯಾಗ ತನ್ನ ಮನಿ ಮೊಸರಿಲ್ಲ. ಹಿಡಿ."

ಕಲ್ಮೇಶ ಬಟ್ಟಲು ಹಿಡಿದ. ಒಂದು ಕೈಯಲ್ಲಿ ಕಂದೀಲು, ಇನ್ನೊಂದರಲ್ಲಿ ಹೆಪ್ಪು. ಕಣ್ಣು ಒರೆಸಿಕೊಳ್ಳಲು ಕೈಯೇ ಉಳಿಯಲಿಲ್ಲ.

"ಹೋಗಿ ಬರ್ಲ್ರಿ?"

ಕೆಳಗೆ ಆ ದೀಪ ಇನ್ನೂ ಕುಣಿಯುತ್ತಲೇ ಇತ್ತು.

"ಓಡಬ್ಯಾಡ" ಅಂದರು ಅಜ್ಜಾರು. "ಕೈಯಾಗ ಮೊಸರೈತಿ."