ಕೆಂಚಿ ಎರಡು ಕಾಲು ಕೊಟ್ಟಿದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ, ಕಂಡವರನ್ನೆಲ್ಲ ದಾರಿ ಕೇಳುತ್ತಿತ್ತು. ಹೇಳಿಕೊಡಲು ಯಾರಿಗೂ ಅಪ್ಪ ಅಮ್ಮ ಇರಲಿಲ್ಲ. ಎಲ್ಲರೂ ಮೊದಲನೆಯವರೇ.

ಆಗ ಕೆಂಚಿ ಅಂತ ಒಬ್ಬ ಚಿಟ್ಟೆ ಇದ್ದಳು. ಕಾವಿ ಬಣ್ಣದ ರೆಕ್ಕೆ, ಅಂಚಿಗೆ ಕಪ್ಪು, ಕಪ್ಪಿನಲ್ಲಿ ಬಿಳಿ ಚುಕ್ಕೆ. ಕಾಲು ಆರು, ಆರೂ ಗಟ್ಟಿ. ಹೂವಿನ ಮೇಲೆ ಕೂತರೆ ಗಾಳಿಯಣ್ಣ ಎಷ್ಟು ಜಗ್ಗಿದರೂ ಕದಲುತ್ತಿರಲಿಲ್ಲ. ಅದಕ್ಕೆ ಅವಳಿಗೆ ಸ್ವಲ್ಪ ಜಂಬವೂ ಇತ್ತು ಅನ್ನಿ.

ಕೆಂಚಿಗೆ ಮೊಟ್ಟೆಯಿಡುವ ಹೊತ್ತು ಬಂತು. ಎಲ್ಲಿಡುವುದು? ಕೇಳೋಣವೆಂದರೆ ಹಿರಿಯರಿಲ್ಲ. ಯಾವ ಗಿಡದ ಜೇನು ಎಲ್ಲಕ್ಕಿಂತ ಸಿಹಿಯೋ ಅಲ್ಲೇ ಇಡುತ್ತೇನೆ, ಮಕ್ಕಳು ಹೊಟ್ಟೆ ತುಂಬ ಉಣ್ಣಲಿ ಎಂದುಕೊಂಡಳು. ಹೂವು ಹೂವು ಅಲೆದು ಕೊನೆಗೆ ತುಂಬೆ ಗಿಡಕ್ಕೆ ಬಂದಳು. ಅಂಥ ಸಿಹಿ ಎಲ್ಲೂ ಇರಲಿಲ್ಲ.

"ತುಂಬಕ್ಕಾ, ನನ್ನ ಮಕ್ಕಳನ್ನ ಇಲ್ಲೇ ಬಿಡ್ಲಾ?"

"ಬಿಡಮ್ಮ, ನಂಗೇನು ಭಾರವಾ?" ಎಂದಿತು ತುಂಬೆ. ಪಾಪ, ಅದಕ್ಕೂ ಏನೂ ತಿಳಿಯದು.

ಮೊಟ್ಟೆಗಳು ಒಡೆಯುವ ದಿನ ಕೆಂಚಿ ಖುಷಿಯಿಂದ ಹಾರಿ ಬಂದಳು. ಬಂದವಳಿಗೆ ಕೇಳಿಸಿದ್ದು ಅಳು.

ಪುಟ್ಟ ಪುಟ್ಟ ಹುಳುಗಳು ಎಲೆ ಕಚ್ಚುತ್ತಿದ್ದವು, ಉಗುಳುತ್ತಿದ್ದವು. ಮತ್ತೆ ಕಚ್ಚುತ್ತಿದ್ದವು, ಮತ್ತೆ ಉಗುಳುತ್ತಿದ್ದವು. ತಲೆಯ ಮೇಲೆ ಹೂವಿನ ತುಂಬ ಜೇನು. ಕೆಂಚಿ ಅದನ್ನು ಹೀರಿ ತಂದು ಒಂದೊಂದರ ಬಾಯಿಗೂ ಒರೆಸಿದಳು. ಕುಡಿಯಲು ಅವಕ್ಕೆ ಬರಲಿಲ್ಲ. ಅವಕ್ಕಿದ್ದದ್ದು ಎಲೆ ಅಗಿಯುವ ಬಾಯಿ.

"ಅಮ್ಮಾ, ಹಸಿವು."

"ಅಮ್ಮಾ, ಹಸಿವು."

ಸಂಜೆಯ ಹೊತ್ತಿಗೆ ಒಂದೊಂದಾಗಿ ನೆಲಕ್ಕೆ ಬಿದ್ದವು. ಇರುವೆಗಳು ಬಂದು ಹೊತ್ತುಕೊಂಡು ಹೋದವು. ಇರುವೆಗಳನ್ನು ಬೈದು ಪ್ರಯೋಜನವಿಲ್ಲ, ಅವರ ಮನೆಯಲ್ಲೂ ಮಕ್ಕಳಿದ್ದರು.

"ಇಷ್ಟು ಸಿಹಿ ಇಟ್ಕೊಂಡು ನನ್ನ ಮಕ್ಕಳನ್ನ ಕೊಂದ್ಯಲ್ಲ ಅಕ್ಕಾ!" ಎಂದು ಕೆಂಚಿ ಗೋಳಾಡಿದಳು.

ತುಂಬೆಯ ಕಣ್ಣಲ್ಲೂ ನೀರು. "ನೀನು ನನ್ನ ಹೂವನ್ನ ಕೇಳ್ದೆ ಕೆಂಚಿ. ಎಲೆಯನ್ನ ಕೇಳ್ಲೇ ಇಲ್ಲ."

ಕೆಂಚಿಯ ಹೊಟ್ಟೆಯಲ್ಲಿ ಇನ್ನು ಕೆಲವೇ ಮೊಟ್ಟೆಗಳು ಉಳಿದಿದ್ದವು. ಅವೂ ಹೋದರೆ ಕೆಂಚಿಯ ಕುಲವೇ ಇಲ್ಲ. ಅವಳು ನೆಲಕ್ಕಿಳಿದು ಭೂಮಿತಾಯಿಯ ಮುಂದೆ ಕೂತಳು.

"ಅವ್ವಾ, ಎಲೆ ರುಚಿ ನೋಡೋಕೆ ನಂಗೊಂದು ನಾಲಿಗೆ ಕೊಡು."

"ಎಲ್ಲಿ ಇಡ್ಲಿ ಮಗಳೇ? ನಿನ್ನ ಬಾಯಿ ಬರೀ ನಳಿಗೆ. ಅಲ್ಲಿ ಜೇನಿಗೆ ಬಿಟ್ಟು ಬೇರೆ ಯಾವುದಕ್ಕೂ ಜಾಗ ಇಲ್ಲ."

"ಕಾಲಲ್ಲಿ ಇಡು."

ಭೂಮಿತಾಯಿ ಅವಳ ಕಾಲುಗಳನ್ನು ಒಂದೊಂದಾಗಿ ಸವರಿದಳು. "ನಾಲಿಗೆ ಇಟ್ಟ ಕಾಲು ಕಾಲಾಗಿ ಉಳಿಯಲ್ಲ. ಸೊರಗುತ್ತೆ. ಆಮೇಲೆ ಅದರ ಮೇಲೆ ನಿಲ್ಲೋಕಾಗಲ್ಲ."

"ಎರಡು ತಗೋ. ನಿಲ್ಲೋಕೆ ನಾಲ್ಕು ಸಾಕು."

ಹಾಗೇ ಆಯಿತು. ಮುಂದಿನ ಎರಡು ಕಾಲು ಸುಡುತ್ತಾ ಸುಡುತ್ತಾ ಒಣಗಿ ಚಿಕ್ಕವಾದವು. ಕೆಂಚಿ ಅವನ್ನು ಎದೆಗೆ ಒತ್ತಿ ಹಿಡಿದು ಹಾರಿದಳು. ಗಾಳಿಯಣ್ಣ ಈಗ ಸುಮ್ಮನೆ ಊದಿದರೂ ಅವಳು ತೂರಾಡುತ್ತಿದ್ದಳು.

ಕಂಡ ಎಲೆಯ ಮೇಲೆಲ್ಲ ಇಳಿದು ಆ ಪುಟ್ಟ ಕಾಲುಗಳಿಂದ ತಟ್ಟಿದಳು. ಹೊಂಗೆ ತಟ್ಟಿದಳು, ಅಲ್ಲ. ಹುಣಸೆ ತಟ್ಟಿದಳು, ಅಲ್ಲ. ಬಸಳೆ ತಟ್ಟಿದಳು, ಅದೂ ಅಲ್ಲ. ತಟ್ಟಿ ತಟ್ಟಿ ರೆಕ್ಕೆಯ ಬಣ್ಣ ಉದುರಿತು, ಅಂಚು ಹರಿಯಿತು.

ಕೊನೆಗೆ ಬಯಲಿನ ಮೂಲೆಯಲ್ಲಿ ಎಕ್ಕದ ಗಿಡ. ಯಾರೂ ಹತ್ತಿರ ಸುಳಿಯದ ಗಿಡ. ಕೆಂಚಿ ಅದರ ದಪ್ಪ ಎಲೆಯನ್ನು ತಟ್ಟಿದಳು. ಕಹಿ! ಆದರೆ ಕಾಲು ಹೇಳಿತು: ಇದೇ.

"ದೂರ ಹೋಗೇ," ಎಂದಳು ಎಕ್ಕದಜ್ಜಿ. "ನನ್ನ ಹಾಲು ವಿಷ. ಕುಡಿದವರು ಯಾರೂ ಬದುಕಿಲ್ಲ. ಮಕ್ಕಳ ಹೆಣ ನನ್ನ ಮೇಲೆ ಬೀಳೋದು ಬೇಡ."

ಕೆಂಚಿಯ ಬಾಯಿ ಬೇಡ ಅಂದಿತು. ಅವಳ ಭಯವೂ ಬೇಡ ಅಂದಿತು. ಆದರೆ ಬಾಯಿಯ ಮಾತು ಕೇಳಿ ಒಮ್ಮೆ ಮಕ್ಕಳನ್ನು ಕಳೆದುಕೊಂಡಿದ್ದಳಲ್ಲ. "ನಂಗೂ ಭಯ ಅಜ್ಜೀ. ಆದ್ರೂ ಬಿಟ್ಟು ಹೋಗ್ತೀನಿ," ಎಂದು ಅಳುತ್ತಲೇ ಎಲೆಯ ಅಡಿಗೆ ಒಂದು ಮೊಟ್ಟೆ ಇಟ್ಟಳು. ಒಂದು ಎಲೆಗೆ ಒಂದೇ, ಒಬ್ಬರ ಊಟ ಇನ್ನೊಬ್ಬರು ಕಸಿಯದ ಹಾಗೆ. ಕೊನೆಯದನ್ನಿಟ್ಟ ಮೇಲೆ ಅವಳಿಗೆ ಹಾರಲು ರೆಕ್ಕೆಯೇ ಉಳಿದಿರಲಿಲ್ಲ. ಗಿಡದ ಬುಡಕ್ಕೆ ಬಿದ್ದಳು.

ಬಿದ್ದಲ್ಲಿಂದಲೇ ಕೇಳಿದಳು. "ಅಜ್ಜೀ, ಮಕ್ಕಳು ಅಳ್ತಿದಾರಾ?"

ಮೊಟ್ಟೆ ಒಂದೂ ಒಡೆದಿರಲಿಲ್ಲ. ಎಕ್ಕದಜ್ಜಿ ಕೆಳಗೆ ನೋಡಿದಳು. ಇರುವೆಗಳು ಆಗಲೇ ಸಾಲು ಹಿಡಿದಿದ್ದವು.

"ಇಲ್ಲ ಕಣೇ," ಎಂದಳು ಅಜ್ಜಿ. "ತಿಂತಾ ಇದಾರೆ. ಮಾತಾಡೋಕೂ ಪುರುಸೊತ್ತಿಲ್ಲ ಅವಕ್ಕೆ."

ಕೆಂಚಿ ಎರಡು ಪುಟ್ಟ ಕಾಲುಗಳನ್ನು ಎದೆಗೆ ಮಡಿಸಿಕೊಂಡು ಕಣ್ಣು ಮುಚ್ಚಿದಳು.

ಅವತ್ತಿನಿಂದ ಎಕ್ಕದಜ್ಜಿಗೆ ನೆಮ್ಮದಿಯಿಲ್ಲ. ಸಾಯುವವಳಿಗೆ ಸುಳ್ಳು ಹೇಳಿದೆನಲ್ಲ ಎಂದು ಪ್ರತಿ ಮೊಟ್ಟೆಯನ್ನೂ ಕಾಯುತ್ತಾ ನಿಂತಳು. ಒಂದು ಬೆಳಿಗ್ಗೆ ಮೊಟ್ಟೆ ಒಡೆಯಿತು. ಮರಿ ಎಲೆ ಕಚ್ಚಿತು. ಬಿಳಿ ಹಾಲು ಉಕ್ಕಿತು. ಅಜ್ಜಿ ನಡುಗಿದಳು. ಮರಿ ಉಗುಳಲಿಲ್ಲ. ಇನ್ನೊಂದು ತುತ್ತು ಕಚ್ಚಿತು, ಮತ್ತೊಂದು ಕಚ್ಚಿತು. ಮಾತಾಡೋಕೂ ಪುರುಸೊತ್ತಿರಲಿಲ್ಲ ಅದಕ್ಕೆ. ಅದನ್ನು ನೋಡಲು ತಾಯಿ ಮಾತ್ರ ಇರಲಿಲ್ಲ.

ಆ ಮಕ್ಕಳು ರೆಕ್ಕೆ ಬಿಚ್ಚಿದಾಗ ಮುಂದಿನ ಎರಡು ಕಾಲು ಹುಟ್ಟಿನಿಂದಲೇ ಮಡಿಸಿಕೊಂಡಿದ್ದವು.

ಮಗೂ, ರಸ್ತೆ ಬದಿಯ ಎಕ್ಕದ ಗಿಡಕ್ಕೆ ಕಾವಿ ಬಣ್ಣದ ಚಿಟ್ಟೆ ಬಂದರೆ ಉಸಿರು ಬಿಗಿಹಿಡಿದು ನೋಡು: ನಾಲ್ಕೇ ಕಾಲಲ್ಲಿ ನಿಂತಿರುತ್ತಾಳೆ, ಎದೆಯಲ್ಲಿ ಮಡಿಸಿಟ್ಟ ಎರಡು ಪುಟ್ಟ ಕಾಲು ತೆಗೆದು ಎಲೆಯನ್ನು ತಟ್ಟುತ್ತಾಳೆ, ಇಲ್ಲಿ ನನ್ನ ಮಕ್ಕಳು ಅಳುವುದಿಲ್ಲ ತಾನೇ ಎಂದು ಕೇಳದೆ ಇವತ್ತಿಗೂ ಒಂದು ಮೊಟ್ಟೆಯನ್ನೂ ಇಡುವುದಿಲ್ಲ.