ಜೀಪಿನ ಎಂಜಿನ್ನೂ ರೇಸಿನ ಹೆಡ್ಡೂ

ಊರೊಳಗೇ ಓಡಾಡುವ ತನ್ನ ಜೀಪಿನ ಎಂಜಿನ್‌ಗೆ ಫಕೀರಪ್ಪ ರೇಸಿನ ದುಬಾರಿ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಎಂಬ ಮೇಲ್ಮುಚ್ಚಳ ಹಾಕಿಸಿದ. ಅಂದಿನಿಂದ ಸಿಗ್ನಲ್ ಬಿಟ್ಟಾಗಲೆಲ್ಲ ಜೀಪು ಮುಗ್ಗರಿಸತೊಡಗಿತು. "ದರಿದ್ರ ಎಂಜಿನ್!" ಎಂದು ಅವನು ಬಾನೆಟ್ ಗುದ್ದಿದ.

ಎಂಜಿನ್ ಕೆರಳಿತು. "ಎಲವೋ ಹೆಡ್ಡೇ, ತಪ್ಪು ನಿನ್ನದು, ಬೈಗುಳ ನನಗೆ! ಯಾಕೆ ದುಡಿಯುವುದಿಲ್ಲ?"

"ನಾನು ನಾಗಾಲೋಟಕ್ಕೆ ಹುಟ್ಟಿದವನು. ಸಂತೆಬೀದಿಯ ಈ ನಿಧಾನ ನನಗೆ ಅವಮಾನ."

ಎಂಜಿನ್ ಸಿಟ್ಟಿನಿಂದ ಕೆಮ್ಮಿ ನಡುರಸ್ತೆಯಲ್ಲೇ ಮುಷ್ಕರ ಹೂಡಿತು. ಜೀಪನ್ನು ಗ್ಯಾರೇಜಿಗೆ ತಳ್ಳಿದರು. ಮೆಕ್ಯಾನಿಕ್ ಕುಲ್ಸುಂಬಿ, "ಬೀದಿ ಗಾಡಿಗೆ ಇದೇ ಸರಿ" ಎಂದು ರೇಸಿನ ಹೆಡ್ ಬಿಚ್ಚಿ ಮೂಲೆಗಿಟ್ಟು ಅಗ್ಗದ ಅಲ್ಯೂಮಿನಿಯಂ ಹೆಡ್ ಕೂರಿಸಿದಳು. ಜೀಪು ಚಂಗನೆ ಹೊರಟಿತು.

"ಥೂ, ಅಗ್ಗದವನ ಜೊತೆ ಸೇರಿದೆಯಾ!" ಎಂದು ರೇಸಿನ ಹೆಡ್ ಮೂಲೆಯಿಂದ ಕೂಗಿತು.

"ಇವನು ನನ್ನ ಜೊತೆ ದುಡಿಯುತ್ತಾನೆ," ಎಂಜಿನ್ ಗುಡುಗಿತು. "ನೀನು ನನ್ನ ತಲೆ ಮೇಲೆ ಕೂತಿದ್ದೆ, ಅಷ್ಟೇ!"